ಡಂಗುರದಿಂದ ಕರಪತ್ರದವರೆಗೆ: ಕಾಸಿಲ್ಲದವರ ಪ್ರಚಾರ

ಕಳೆದ ತಿಂಗಳು ಹೊಸದುರ್ಗದಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಮಾತೇ ಆಡದಿದ್ದ ಹುಡುಗಿ ಈಗ ಸಾಮೆ, ನವಣೆ ಅಕ್ಕಿ ಮಾಡಿಸಿ, ಚಕ್ಕುಲಿ ನಿಪ್ಪಟ್ಟು ಕರಿದು ಮಾರುತ್ತಾಳಂತೆ. "ಮೇಷ್ಟ್ರೇ, ಜಾಹೀರಾತಿಗೆ ಹಾಕಲು ಹಣವಿಲ್ಲ. ಸಂತೆಯಲ್ಲಿ ಹಂಚೋಕೆ ನಾಲ್ಕು ಸಾಲು ಬರೆದುಕೊಡಿ" ಎಂದಳು. ಸಂತೋಷದಿಂದ ಒಪ್ಪಿಕೊಂಡೆ. ಆದರೆ ಬರೆಯಲು ಕುಳಿತಾಗ ಕೈ ತಡೆಯಿತು. ಕಾರಣವನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು, ಹಣವಿಲ್ಲದವರು ತಮ್ಮ ಸರಕಿನ ಸುದ್ದಿಯನ್ನು ಜನರಿಗೆ ಮುಟ್ಟಿಸಿದ ಬಗೆಯನ್ನು ನೆನೆಯಬೇಕೆನಿಸುತ್ತದೆ.

ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ಹಳೆಯ ಪ್ರಚಾರವೆಂದರೆ ಡಂಗುರ. ತಮಟೆಯವನು ಊರಿನ ನಾಲ್ಕು ಮೂಲೆಗಳಲ್ಲಿ ನಿಂತು ಬಾರಿಸಿ ಕೂಗಿದರೆ ಸಾಕು, ಸುದ್ದಿ ಮನೆಮನೆಗೆ ಮುಟ್ಟುತ್ತಿತ್ತು. ಸೇರು ರಾಗಿಯೋ ಕೆಲವು ಕಾಸುಗಳೋ ಅವನಿಗೆ ಸಲ್ಲುತ್ತಿದ್ದವು. ನಾಟಕ ಕಂಪನಿಗಳೂ ಟೂರಿಂಗ್ ಟಾಕೀಸುಗಳೂ ಇದಕ್ಕೆ ಎತ್ತಿನ ಗಾಡಿಯನ್ನೂ ಬಣ್ಣದ ಕರಪತ್ರಗಳನ್ನೂ ಸೇರಿಸಿದವು. ಗಾಡಿಯ ಹಿಂದೆ ಓಡಿ ಕರಪತ್ರ ಹಿಡಿಯದ ಹುಡುಗರು ನಮ್ಮ ಕಾಲದಲ್ಲಿ ಇರಲಿಲ್ಲ. ಅಕ್ಷರ ಬಲ್ಲ ಹುಡುಗ ಅದನ್ನು ಮನೆಗೆ ತಂದು ಅಜ್ಜಿಗೆ ಓದಿ ಹೇಳುತ್ತಿದ್ದ. ಹೀಗೆ ಒಂದು ಕಾಗದ ಹತ್ತು ಜನರನ್ನು ತಲುಪುತ್ತಿತ್ತು.

ಎರಡನೆಯದು ಜಾತ್ರೆ. ಮಾಘಮಾಸದಲ್ಲಿ ಹಿರಿಯೂರಿನ ತೇರುಮಲ್ಲೇಶ್ವರನ ರಥ, ಫಾಲ್ಗುಣದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ರಥ. ವ್ಯಾಪಾರಿ ಜನರನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಜನರೇ ಒಂದೆಡೆ ಸೇರುತ್ತಿದ್ದರು. ಒಂದು ಚಾಪೆ ಹಾಸುವಷ್ಟು ಜಾಗ ಸಿಕ್ಕರೆ ಅದೇ ಅಂಗಡಿ.

ಮೂರನೆಯದು ಊರಿನ ಹೆಸರು. ಇದಕ್ಕೆ ಬಿಡಿಗಾಸೂ ಖರ್ಚಿಲ್ಲ. ನಮ್ಮ ಜಿಲ್ಲೆಯ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ನೇಯ್ದವರ ಹೆಸರು ಯಾರಿಗೂ ತಿಳಿಯದು, ಊರಿನ ಹೆಸರು ಎಲ್ಲರಿಗೂ ತಿಳಿದಿದೆ. ಬಿ.ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯನ್ನು ನಮ್ಮ ಹಿರಿಯರು ಕೇಳುತ್ತಿದ್ದುದು 'ನಂಜನಗೂಡು ಹಲ್ಲುಪುಡಿ' ಎಂದೇ.

ದೊಡ್ಡ ಸಂಸ್ಥೆಗಳೂ ಈ ಸಣ್ಣ ಉಪಾಯಗಳನ್ನು ಬಿಟ್ಟಿಲ್ಲ. ಮೊದಲನೆಯ ಮಹಾಯುದ್ಧದಿಂದ ಮೈಸೂರಿನ ಗಂಧದ ಮರ ಪರದೇಶಕ್ಕೆ ಹೋಗದೆ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. 'ಸೋಪು ಶಾಸ್ತ್ರಿ' ಎಂದೇ ಹೆಸರಾದ ಎಸ್.ಜಿ. ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಕಲಿತು ಬಂದು ಮೈಸೂರು ಸ್ಯಾಂಡಲ್ ಸಾಬೂನನ್ನು ರೂಪಿಸಿದರು. ಅದರ ಚಿತ್ರವನ್ನು ಟ್ರಾಮ್ ಟಿಕೆಟುಗಳ ಮೇಲೂ ಬೆಂಕಿಪೊಟ್ಟಣಗಳ ಮೇಲೂ ಅಚ್ಚು ಹಾಕಿಸಿದರಂತೆ; ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಿದರಂತೆ. ಒಂಟೆಯ ಮಾತು ಹಾಗಿರಲಿ, ಟಿಕೆಟು ಮತ್ತು ಬೆಂಕಿಪೊಟ್ಟಣದ ಯುಕ್ತಿ ನನಗೆ ಮೆಚ್ಚುಗೆ. ಹೇಗೂ ಕೈಯಿಂದ ಕೈಗೆ ಹೋಗುವ ವಸ್ತುವಿನ ಬೆನ್ನೇರಿ ಸುದ್ದಿ ಹೋಗುವುದು ತಾನೇ ಅಗ್ಗದ ಪ್ರಚಾರದ ಮರ್ಮ? ನಮ್ಮ ಅಂಚೆ ಇಲಾಖೆ 2002ರಲ್ಲಿ ಹೊರತಂದ ಮೇಘದೂತ ಕಾರ್ಡಿನ ಮರ್ಮವೂ ಇದೇ. ವಿಳಾಸದ ಬದಿಯಲ್ಲಿ ಜಾಹೀರಾತು ಇದ್ದುದರಿಂದ 50 ಪೈಸೆಯ ಬದಲು 25 ಪೈಸೆಗೆ ಕಾರ್ಡು ದೊರೆಯಿತು.

ಇನ್ನು ಕೈ ತಡೆದ ಕಾರಣಕ್ಕೆ ಬರುತ್ತೇನೆ.

ನಾನು ಪ್ರೌಢಶಾಲೆಯಲ್ಲಿದ್ದಾಗ, 1960ರ ದಶಕದಲ್ಲಿ, ಹೊಳಲ್ಕೆರೆಯಲ್ಲಿದ್ದ ನನ್ನ ಸೋದರಮಾವ ಸೀಗೆಪುಡಿಯ ವ್ಯಾಪಾರ ಹೂಡಿದರು. ಅತ್ತೆಯ ಎರಡು ಬಳೆ ಅಡವಿಟ್ಟ ಹಣವೇ ಬಂಡವಾಳ. ಮಾವ ಬುದ್ಧಿವಂತರು. ನೀರು ತುಂಬುವ ಹಬ್ಬಕ್ಕೆ ಎಲ್ಲರ ಮನೆಯಲ್ಲೂ ಎಣ್ಣೆನೀರು ಇರುತ್ತದೆಂದು ತಿಳಿದು, ದೀಪಾವಳಿಗೆ ಎಂಟು ದಿನ ಮುಂಚೆ ಹಳೆಯ ಪತ್ರಿಕೆಯ ಚೂರುಗಳಲ್ಲಿ ಒಂದು ತಲೆಗೆ ಸಾಕಾಗುವಷ್ಟು ಪುಡಿ ಕಟ್ಟಿ ಸಂತೆಗೆ ಬಂದ ಹೆಂಗಸರಿಗೆ ಪುಕ್ಕಟೆ ಕೊಟ್ಟರು. ಹೊಸದುರ್ಗ, ಚಿತ್ರದುರ್ಗಗಳ ಅಂಗಡಿಯವರಿಗೆ ಕಾರ್ಡು ಬರೆದರು. ಪೊಟ್ಟಣಗಳು ಬಸ್ಸಿನ ಕಂಡಕ್ಟರರ ಕೈಯಲ್ಲಿ ಊರಿಂದೂರಿಗೆ ಹೋದವು. ಕರಪತ್ರಕ್ಕೆ ಮಾತು ಹೊಂದಿಸುವ ಕೆಲಸ ನನ್ನದು. 'ಅಪ್ಪಟ ಸೀಗೆಪುಡಿ' ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಚಿತ್ರದುರ್ಗದಲ್ಲಿ ಐನೂರು ಪ್ರತಿ ಅಚ್ಚಾಯಿತು. ನನ್ನ ಬರಹ ಅಚ್ಚಾದದ್ದು ಅದೇ ಮೊದಲು. ಎಷ್ಟು ಹೆಮ್ಮೆಯೆಂದರೆ, ಒಂದು ಪ್ರತಿಯನ್ನು ಇತಿಹಾಸದ ಪುಸ್ತಕದಲ್ಲಿಟ್ಟುಕೊಂಡು ತಿರುಗುತ್ತಿದ್ದೆ.

ಎರಡು ವರ್ಷ ವ್ಯಾಪಾರ ಚೆನ್ನಾಗಿ ನಡೆಯಿತು. ಒಂದು ಬಳೆ ಮನೆಗೆ ಬಂತು. ಮೂರನೆಯ ವರ್ಷ ಸೀಗೆಕಾಯಿಯ ಬೆಲೆ ಏರಿತು. ಮಾವ ಯಾರಿಗೂ ಹೇಳದೆ ಯಾವುದೋ ಮರದ ತೊಗಟೆಯ ಪುಡಿ ಬೆರೆಸಿದರು. ಕರಪತ್ರ ಮಾತ್ರ ಹಳೆಯದೇ.

ಆ ವರ್ಷ ಹಿರಿಯೂರಿನ ಜಾತ್ರೆಯಲ್ಲಿ ಕರಪತ್ರವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದವನು ನಾನೇ. ಮರುದಿನ ಮಧ್ಯವಯಸ್ಸಿನ ಹೆಂಗಸೊಬ್ಬರು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಬಿಚ್ಚಿದ ಪೊಟ್ಟಣವನ್ನು ಚಾಪೆಯ ಮೇಲಿಟ್ಟರು. ಮಾವನ ಕಡೆ ನೋಡಲಿಲ್ಲ, ನನ್ನನ್ನು ನೋಡಿ ಹೇಳಿದರು: "ನೀನು ಓದಿ ಹೇಳ್ದೆ ಅಂತ ತಗಂಡೆ ಕಣಪ್ಪ. ನನಗೆ ಓದಾಕೆ ಬರಲ್ಲ." ಹಣವನ್ನೂ ಕೇಳದೆ ಹೊರಟುಹೋದರು. ಮಾವ ತಲೆ ತಗ್ಗಿಸಿದರು. ನನಗೆ ಕಣ್ಣು ಕತ್ತಲೆ ಬಂದಂತಾಯಿತು.

ಪುಕ್ಕಟೆ ಪುಡಿಯ ಸುದ್ದಿಯನ್ನು ಊರೂರಿಗೆ ಒಯ್ದಿದ್ದ ಬಾಯಿಗಳೇ ಈ ಸುದ್ದಿಯನ್ನೂ ಒಯ್ದವು. ವರ್ಷ ತುಂಬುವುದರೊಳಗೆ ವ್ಯಾಪಾರ ನಿಂತಿತು. ಎರಡನೆಯ ಬಳೆ ಮರಳಿ ಬರಲೇ ಇಲ್ಲ. ಮಾವನನ್ನು ಇಂದು ನಾನು ದೂರಲಾರೆ. ಬಡತನ ಎಂಥವರನ್ನೂ ಜಾರಿಸುತ್ತದೆ, ಮುಂದೆ ಅವರು ಕೂಲಿ ಮಾಡಿ ಸಾಲ ತೀರಿಸಿದ್ದನ್ನೂ ನಾನು ಕಂಡಿದ್ದೇನೆ. ಆದರೆ ಅಗ್ಗದ ಪ್ರಚಾರಕ್ಕೂ ಒಂದು ಬೆಲೆಯುಂಟು ಎಂಬುದನ್ನು ಅಂದು ಕಲಿತೆ. ಹಣ ಕೊಟ್ಟು ಗೋಡೆಯ ಮೇಲೆ ಬರೆಸಿದ್ದನ್ನು ಜನ ಅರ್ಧ ನಂಬಿಯಾರು. ಎದುರು ನಿಂತವನ ಮಾತನ್ನು ಪೂರ್ತಿ ನಂಬುತ್ತಾರೆ. ಕಾಸಿಲ್ಲದ ವ್ಯಾಪಾರಿ ಪ್ರಚಾರಕ್ಕೆ ಒತ್ತೆಯಿಡುವುದು ಆ ನಂಬಿಕೆಯನ್ನೇ.

ಆದ್ದರಿಂದ ಆ ಹುಡುಗಿಗೆ ಮತ್ತೆ ದೂರವಾಣಿ ಮಾಡಿ, ಧಾನ್ಯ ಎಲ್ಲಿಯದು, ಕಲ್ಲು ಆರಿಸುವವರು ಯಾರು ಎಂದೆಲ್ಲ ವಿಚಾರಿಸಿದೆ. "ಪರೀಕ್ಷೆ ಮಾಡ್ತಿದ್ದೀರಾ ಮೇಷ್ಟ್ರೇ?" ಎಂದು ನಕ್ಕಳು. ಹೌದೆಂದೆ. ಅನಂತರ ಬರೆದುಕೊಟ್ಟದ್ದು ಇಷ್ಟು: 'ಹೊಸದುರ್ಗದ ಸಾಮೆ ಅಕ್ಕಿ. ಅರ್ಧ ನಮ್ಮ ಹೊಲದ್ದು, ಅರ್ಧ ನೆರೆಯವರದು. ಮನೆಯಲ್ಲೇ ಆರಿಸಿದ್ದು. ಕಲ್ಲು ಸಿಕ್ಕರೆ ತಂದುಕೊಡಿ, ಬದಲಿಸಿ ಕೊಡುತ್ತೇವೆ.'

'ಅಪ್ಪಟ' ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದೇನೆ. ಆ ಕಡೆಗೆ ಹೋದವರು ಒಂದು ಸೇರು ಕೊಂಡು ನೋಡಿ. ಕಲ್ಲು ಸಿಕ್ಕರೆ ಅವಳಿಗಷ್ಟೇ ಅಲ್ಲ, ನನಗೂ ತಿಳಿಸಿ.