ಕಡಲೊಳಗಣ ಕೃತಕ ಬಂಡೆಸಾಲುಗಳು: ಉಳ್ಳಾಲದ ತೀರವನ್ನು ಕುರಿತು ಒಂದು ಪರಿಶೀಲನೆ

ಸೊರಬದ ಸೀಮೆಗೆ ಸೇರಿದ ಜಡೆಯು ಘಟ್ಟದ ಮೇಲಣ ಊರು. ಆ ಪ್ರಾಂತದ ಮಳೆಯ ನೀರು ವರದೆಯನ್ನು ಕೂಡಿ, ತುಂಗಭದ್ರೆಯ ಮೂಲಕ ಮೂಡಲಿಗೆ ಹರಿದುಹೋಗುವುದರಿಂದ, ಪಡುಗಡಲಿಗೂ ಆ ನೆಲಕ್ಕೂ ನೀರಿನ ಸಂಬಂಧವಿಲ್ಲವೆಂದೇ ಹೇಳಬೇಕು. ಸಂಬಂಧವಿದ್ದುದು ದಾರಿಯಿಂದ ಮತ್ತು ದೊರೆತನದಿಂದ. ಕೆಳದಿಯ ನಾಯಕರು ಘಟ್ಟದ ಮೇಲಣ ಸೀಮೆಯನ್ನೂ ಕೆಳಗಣ ಬಂದರುಗಳನ್ನೂ ಒಂದೇ ಆಳಿಕೆಗೆ ತಂದಿದ್ದರು. ಅಕ್ಕಿ ಮೆಣಸುಗಳು ಘಟ್ಟವನ್ನಿಳಿಯುತ್ತಿದ್ದುವು, ಉಪ್ಪು ಒಣಮೀನುಗಳು ಹತ್ತುತ್ತಿದ್ದುವು. ಆದುದರಿಂದ ಕರಾವಳಿಯ ಮರಳು ಸವೆದರೆ ಅದು ಕರಾವಳಿಯವರಿಗೆ ಮಾತ್ರವೇ ಸಂಬಂಧಿಸಿದ ಸಂಗತಿಯೆಂದು ಮಲೆನಾಡಿನ ಇತಿಹಾಸವನ್ನೋದುವವರು ತಿಳಿಯಲಾಗದು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆಯು ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು, ಅಲ್ಲಿಂದ ಕೆಳಗಿಳಿದು ಮಂಗಳೂರಿಗೆ ಹೋದನು. ಉಳ್ಳಾಲದ ರಾಣಿಯನ್ನು ಆತನು ಕಂಡುದು ಅರಮನೆಯಲ್ಲಲ್ಲ, ದಾರಿಯಲ್ಲಿ. ಆಕೆಯು ತಾನು ಮಾಡಿಸುತ್ತಿದ್ದ ಅಗೆತದ ಕೆಲಸವನ್ನು ನೋಡಲು ಕಾಲ್ನಡಿಗೆಯಿಂದ ಹೊರಟಿದ್ದಳು. ನೆಲದ ಕೆಲಸವನ್ನು ಆಳುವವರೇ ಎದುರು ನಿಂತು ನೋಡುತ್ತಿದ್ದ ಈ ಚಿತ್ರವು, ಅದೇ ಉಳ್ಳಾಲದಲ್ಲಿ ಮುಂದೆ ನಡೆದುದನ್ನು ತಿಳಿಯಹೊರಟವರಿಗೆ ನೆನಪಿರತಕ್ಕದ್ದು.

ಮಂಗಳೂರಿನ ಹಳೆಯ ಬಂದರಿನ ಬಳಿ ನೇತ್ರಾವತಿ, ಗುರುಪುರ ಎಂಬ ಎರಡು ಹೊಳೆಗಳು ಒಂದೇ ಅಳಿವೆಯಿಂದ ಕಡಲನ್ನು ಸೇರುತ್ತವೆ. ಬಡಗಲಿಗೆ ಬೆಂಗ್ರೆ, ತೆಂಕಲಿಗೆ ಉಳ್ಳಾಲ, ಎರಡೂ ಮರಳಿನ ನಾಲಗೆಗಳು. ಮಳೆಗಾಲದ ತೆರೆಯು ದಂಡೆಯ ಮರಳನ್ನು ಒಳಕ್ಕೆ ಸೆಳೆದೊಯ್ಯುವುದೂ, ಮಳೆ ನಿಂತ ಮೇಲೆ ಸೌಮ್ಯವಾದ ಅಲೆಗಳು ಅದನ್ನು ಮರಳಿ ತಂದೊಪ್ಪಿಸುವುದೂ ಈ ತೀರದ ವಾರ್ಷಿಕ ಲೆಕ್ಕವಾಗಿದ್ದಿತು. ಅಳಿವೆಯ ಬಾಯಿಯು ನಿಂತಲ್ಲಿ ನಿಲ್ಲುತ್ತಿರಲಿಲ್ಲವಾದುದರಿಂದ, ದೋಣಿಗಳಿಗೆ ಸ್ಥಿರವಾದ ದಾರಿಯನ್ನು ಕಲ್ಪಿಸಲು 1994ರ ಸುಮಾರಿಗೆ ಎರಡೂ ಪಕ್ಕಗಳಲ್ಲಿ ಕಲ್ಲಿನ ಅಲೆತಡೆಗಳನ್ನು ಕಡಲೊಳಕ್ಕೆ ಚಾಚಿ ಕಟ್ಟಿದರು. ದಾರಿಯೇನೋ ಆಯಿತು, ಆದರೆ ಬೆಂಗ್ರೆಯ ಕಡೆ ಮರಳು ನಿಂತಿತು, ಉಳ್ಳಾಲದ ಕಡೆ ಕಡಲ್ಕೊರೆತವು ಬಲವಾಯಿತು. ಮನೆಗಳು, ತೆಂಗಿನ ತೋಟಗಳು, ದಾರಿಗಳು ಒಂದೊಂದಾಗಿ ಅಲೆಯ ಬಾಯಿಗೆ ಹೋದುವು. ಪರಿಹಾರವೆಂದು ದಂಡೆಯುದ್ದಕ್ಕೂ ಕಲ್ಲುರಾಶಿಯನ್ನು ಸುರಿದರು. ಇಂತಹ ಗೋಡೆಗೆ ಬಡಿದ ತೆರೆಯು ಹಿಂದಿರುಗುವಾಗ ಅದರ ಬುಡದ ಮರಳನ್ನೇ ತೋಡಿಕೊಂಡು ಹೋಗುವುದರಿಂದ, ಕಲ್ಲು ಕುಸಿಯುವುದು, ಮತ್ತೆ ಸುರಿಯುವುದು, ಇದೇ ಪದ್ಧತಿಯಾಯಿತು.

ಇದರಲ್ಲಿ ಲೆಕ್ಕಕ್ಕೆ ಬಾರದ ನಷ್ಟವೊಂದುಂಟು. ಕರಾವಳಿಯ ಮೀನುಗಾರಿಕೆಯು ಬಹುಕಾಲ ರಂಪಣಿ ಬಲೆಯನ್ನು ಅವಲಂಬಿಸಿದ್ದಿತು. ಬಾಂಗುಡೆ ಬೂತಾಯಿಗಳ ಹಿಂಡನ್ನು ಸುತ್ತುಗಟ್ಟಿ, ಹತ್ತಾರು ಜನ ದಂಡೆಯ ಮೇಲೆ ನಿಂತು ಎಳೆಯುವ ಬಲೆಯಿದು. ವಿಶಾಲವೂ ನುಣುಪೂ ಆದ ಮರಳಿಲ್ಲದೆ ರಂಪಣಿಯಿಲ್ಲ. 1970ರ ದಶಕದ ನಡುವಿನಿಂದ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆಯು ಅದನ್ನು ಮೂಲೆಗೊತ್ತಿದುದು ಎಲ್ಲರೂ ಬಲ್ಲ ವಿಷಯ. ದಂಡೆಯ ಮೇಲೆ ಕಲ್ಲು ಬಿದ್ದೆಡೆಯಲ್ಲಿ, ಉಳಿದ ಕೈರಂಪಣಿಯವರಿಗೂ ನಾಡದೋಣಿಯವರಿಗೂ ಎಳೆಯುವುದಕ್ಕೂ ಇಳಿಸುವುದಕ್ಕೂ ತಾಣವಿಲ್ಲದಾಯಿತು. ಮನೆಯುಳಿಸಲು ಹಾಕಿದ ಕಲ್ಲು ಮನೆಯವನ ಕಸುಬನ್ನು ತೆಗೆದುಕೊಂಡಿತೆಂಬುದು ಕಠಿನವಾದ ಮಾತಾದರೂ ಅಸತ್ಯವಲ್ಲ.

ಕಲ್ಲನ್ನು ದಂಡೆಯ ಮೇಲಿಡದೆ ಕಡಲೊಳಗೆ ಇಡುವ ಯೋಚನೆಯು ಈ ಸಂದರ್ಭದಲ್ಲಿ ಮುಂದೆ ಬಂದಿತು. 2010ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕು ಮಂಜೂರು ಮಾಡಿದ ತೀರರಕ್ಷಣಾ ಕಾರ್ಯಕ್ರಮದಲ್ಲಿ ಉಳ್ಳಾಲವು ಸೇರಿದ್ದು, ಅಲೆತಡೆಗಳನ್ನು ಸರಿಪಡಿಸುವುದರೊಡನೆ ದಂಡೆಯಿಂದ ದೂರದಲ್ಲಿ ನೀರಿನಡಿಯ ಎರಡು ಬಂಡೆಸಾಲುಗಳನ್ನು ನಿರ್ಮಿಸಲಾಯಿತು. ಇದರ ತತ್ತ್ವವು ಸರಳವಾದುದು. ನೀರಿನ ಆಳವು ಅಲೆಯ ಎತ್ತರಕ್ಕೆ ಹೋಲಿಸಿದರೆ ಸಾಲದಾದಾಗ ಅಲೆಯು ಮುರಿಯುತ್ತದೆ; ದಂಡೆಯಲ್ಲಿ ಮುರಿಯಬೇಕಾದ ಅಲೆಯನ್ನು ದೂರದಲ್ಲಿಯೇ ಮುರಿಸಿದರೆ ಅದರ ಬಲವು ಅಲ್ಲಿಯೇ ಕಳೆದು, ಬಂಡೆಸಾಲಿನ ಮರೆಯ ನೀರು ಶಾಂತವಾಗಿ, ಅಲ್ಲಿ ಮರಳು ತಂಗುತ್ತದೆ. ಅದೇ ವರ್ಷ ಕೇರಳದ ಕೋವಳಂನಲ್ಲಿ ಮರಳು ತುಂಬಿದ ದೊಡ್ಡ ಚೀಲಗಳಿಂದ ಇಂತಹುದೇ ರಚನೆಯನ್ನು ಮಾಡಿದ್ದರು. ಅದು ಬಹುಕಾಲ ಕೆಡದೆ ಉಳಿಯಲಿಲ್ಲ.

ಮೀನಿಗಾಗಿ ಮುಳುಗಿಸುವ ಬಂಡೆಸಾಲಿನ ವಂಶವೇ ಬೇರೆ. ಜಪಾನಿನ ಬೆಸ್ತರು ಎದೊ ಕಾಲದಲ್ಲಿಯೇ ಕಡಲೊಳಗೆ ಕಲ್ಲುಗಳನ್ನು ಮುಳುಗಿಸಿ ಕಡಲಪಾಚಿಯನ್ನೂ ಮೀನನ್ನೂ ಬೆಳೆಸುತ್ತಿದ್ದರು. ನಮ್ಮ ತೀರದಲ್ಲಿ ಇದಕ್ಕೆ ನಿಸರ್ಗವೇ ಒದಗಿಸಿದ ಮಾದರಿಯೆಂದರೆ ಮುರ್ಡೇಶ್ವರದೆದುರಿನ ನೇತ್ರಾಣಿ ದ್ವೀಪ. ಅದರ ಬಂಡೆಗಳಿಗೆ ಹವಳವು ಹತ್ತಿದೆ, ಸಂದುಗಳಲ್ಲಿ ಮುರು ಮೊದಲಾದ ಮೀನುಗಳು ನೆಲಸಿವೆ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ತ್ರಿಕೋಣಾಕಾರದ, ಕೊಳವೆಯಾಕಾರದ ಕಾಂಕ್ರೀಟ್ ಗೂಡುಗಳನ್ನು ರೂಪಿಸಿ ಮುಳುಗಿಸುತ್ತ ಬಂದಿದೆ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿಯೂ ಈ ಕಾರ್ಯಕ್ಕೆ ಸ್ಥಾನ ದೊರೆತಿದೆ. ಗೂಡಿನ ಮೈಗೆ ಮೊದಲು ಪಾಚಿಯೂ ಚಿಪ್ಪಿನ ಜೀವಿಗಳೂ ಅಂಟಿ, ಅವನ್ನು ಮೇಯಲು ಸಣ್ಣ ಮೀನೂ, ಅದನ್ನು ಹಿಡಿಯಲು ದೊಡ್ಡ ಮೀನೂ ಬರುವುದೆಂಬುದು ಕ್ರಮ. ತಳವನ್ನು ಗೋರುವ ಟ್ರಾಲ್ ಬಲೆಯು ಅಲ್ಲಿ ಸಿಕ್ಕಿ ಹರಿಯುವುದರಿಂದ, ಆ ತಾಣವು ಗಾಳದವರಿಗೂ ಸಣ್ಣ ಬಲೆಯವರಿಗೂ ಉಳಿಯುತ್ತದೆ. ಪ್ರಾಯಶಃ ಇದೇ ಅದರ ದೊಡ್ಡ ಪ್ರಯೋಜನ. ಗೂಡು ಹೊಸ ಮೀನನ್ನು ಹೆಚ್ಚಿಸುವುದೋ, ಚದರಿದ್ದ ಮೀನನ್ನು ಒಂದೆಡೆ ಕೂಡಿಸಿ ಹಿಡಿಯುವವನಿಗೆ ಸುಲಭಮಾಡಿಕೊಡುವುದೋ ಎಂಬ ವಿವಾದವು ವಿದ್ವಾಂಸರಲ್ಲಿ ಇನ್ನೂ ತೀರಿಲ್ಲ.

ಈ ಎರಡು ಕೆಲಸಗಳನ್ನು ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲವು ಹುಟ್ಟುತ್ತದೆ. ತೀರವನ್ನು ಕಾಯುವ ಸಾಲು ದಂಡೆಯ ಸಮೀಪದಲ್ಲಿ, ನೀರಿನ ಮೇಲ್ಮೈಗೆ ಹತ್ತಿರವಾಗಿ, ಭಾರವಾಗಿರಬೇಕು. ಮೀನಿನ ಗೂಡು ಅಲೆಯ ಹೊಡೆತ ತಗಲದ ಆಳದಲ್ಲಿ, ಒಳಗೆ ಟೊಳ್ಳಾಗಿರಬೇಕು. ಒಂದು ಮತ್ತೊಂದರ ಕೆಲಸವನ್ನು ಅಲ್ಪಸ್ವಲ್ಪ ಮಾಡೀತೇ ಹೊರತು ಪೂರ್ಣವಾಗಿ ಮಾಡಲಾರದು.

ಮರಳಿನ ಮೂಲದ ಪ್ರಶ್ನೆಯೂ ಉಳಿದಿದೆ. ಘಟ್ಟದಿಂದ ಹೊಳೆಗಳು ಹೊತ್ತು ತರುವ ಮರಳೇ ದಂಡೆಯ ಬಂಡವಾಳಗಳಲ್ಲಿ ಮುಖ್ಯವಾದುದು. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಕಟ್ಟಿದಂತಹ ಅಣೆಕಟ್ಟುಗಳು ಅದನ್ನು ಹಿಂದೆಯೇ ತಡೆಯುತ್ತವೆ. ಅಳಿವೆಗಳಲ್ಲಿ ಮರಳೆತ್ತುವುದು ಉಳಿದುದನ್ನೂ ಕಳೆಯುತ್ತದೆ. ಬರುವ ಮರಳಿಲ್ಲದೆಡೆ ಬಂಡೆಸಾಲಿನ ಮರೆಯಲ್ಲಿ ತಂಗುವುದಾದರೂ ನೆರೆಯ ದಂಡೆಯ ಮರಳೇ. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತದಲ್ಲಿ ಈ ತೀರವು ಮತ್ತೆ ಹಾನಿಗೊಂಡಿತು. ಅನಂತರದ ಮಳೆಗಾಲಗಳಲ್ಲಿ ಉಳ್ಳಾಲದ ತೆಂಕಣ ಸೋಮೇಶ್ವರ, ಉಚ್ಚಿಲದ ಬಟ್ಟಪಾಡಿಗಳಲ್ಲಿ ಮನೆಗಳೂ ದಾರಿಗಳೂ ಕೊರೆತಕ್ಕೆ ಸಿಕ್ಕಿದುವು, ಅಲ್ಲಿಯೂ ದಂಡೆಗೆ ಕಲ್ಲನ್ನು ತಂದು ಸುರಿಯತೊಡಗಿದರು.