ಆರೋಗ್ಯದ ದಾಖಲೆ: ಯಾವುದನ್ನು ಇಟ್ಟುಕೊಳ್ಳಬೇಕು, ಯಾರಿಗೆ ಕೊಡಬೇಕು

ಎದೆನೋವೆಂದು ಬಂದವರ ಇಸಿಜಿ ನೋಡಿದ ವೈದ್ಯರು ಹಳೆಯ ಇಸಿಜಿ ಇದೆಯೇ ಎಂದು ಕೇಳುತ್ತಾರೆ. ಗೆರೆಯಲ್ಲಿನ ಏರುಪೇರು ಇವತ್ತು ಹುಟ್ಟಿದ್ದೋ ವರ್ಷಗಳಿಂದ ಇದ್ದದ್ದೋ ಎಂಬುದರ ಮೇಲೆ ಚಿಕಿತ್ಸೆಯ ದಿಕ್ಕೇ ಬದಲಾಗಬಹುದು. ನಮ್ಮಲ್ಲಿ ರೋಗಿಯ ಹಿಂದಿನ ವಿವರ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ತಾನಾಗಿ ಹೋಗುವುದು ಅಪರೂಪ. ಹೆಚ್ಚಿನ ಸಲ ಅದು ಮನೆಯವರ ಕೈಯ ಫೈಲಿನಲ್ಲೇ ಹೋಗಬೇಕು.

ಆಸ್ಪತ್ರೆಯ ಹೊಣೆ ಎಷ್ಟು

ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿಯಾಗಲಿ ಅವರು ಒಪ್ಪಿ ಕಳಿಸಿದವರಾಗಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಿಮಾತಿನಲ್ಲಿ ಕೇಳಿದರೆ ‘ನಾಳೆ ಬನ್ನಿ’ ಎಂಬ ಉತ್ತರ ಸಿಕ್ಕೀತು; ಅರ್ಜಿ ಬರೆದುಕೊಟ್ಟು ಅದರ ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. 3 ವರ್ಷ ಕಳೆದ ಮೇಲೆ ದಾಖಲೆ ಅಲ್ಲಿ ಉಳಿದಿರುತ್ತದೆಂದು ನಂಬಿ ಕೂರಬಾರದು.

ಫೈಲಿನಲ್ಲಿ ಏನಿರಬೇಕು

ಎಲ್ಲ ಚೀಟಿಗಳನ್ನೂ ತುರುಕಿದ ದಪ್ಪ ಫೈಲನ್ನು ತುರ್ತು ಹೊತ್ತಿನಲ್ಲಿ ಓದುವವರಿಲ್ಲ. ಡಿಸ್ಚಾರ್ಜ್ ಸಮ್ಮರಿ, ಶಸ್ತ್ರಚಿಕಿತ್ಸೆಯ ವಿವರ, ಬಯಾಪ್ಸಿ ರಿಪೋರ್ಟ್, ಸ್ಟೆಂಟ್ ಅಥವಾ ಪೇಸ್‌ಮೇಕರ್ ಹಾಕಿದಾಗ ಕೊಟ್ಟ ಕಾರ್ಡ್, ಮಕ್ಕಳ ಲಸಿಕೆ ಪಟ್ಟಿ, ಗರ್ಭಿಣಿಯಾಗಿದ್ದಾಗ ಸರ್ಕಾರ ಕೊಟ್ಟ ತಾಯಿ ಕಾರ್ಡ್ ಇವನ್ನು ಎಂದೂ ಎಸೆಯಬಾರದು. ಅಂದಂದಿನ ನೆಗಡಿ, ಜ್ವರದ ಚೀಟಿ ಹೋದರೆ ನಷ್ಟವಿಲ್ಲ.

ಎಲ್ಲಕ್ಕಿಂತ ಮೇಲೆ ಒಂದೇ ಹಾಳೆ ಇರಲಿ. ಅದರಲ್ಲಿ ಇರುವ ಕಾಯಿಲೆಗಳು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಮನೆಯವರ ಫೋನ್ ನಂಬರ್. ಯಾವ ಔಷಧಿ ಒಗ್ಗುವುದಿಲ್ಲ ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಹಿಂದೊಮ್ಮೆ ಪೆನಿಸಿಲಿನ್‌ನಿಂದ ಮೈಯೆಲ್ಲ ಊದಿಕೊಂಡು ಉಸಿರು ಕಟ್ಟಿದವರಿಗೆ ಆ ಒಂದು ಸಾಲು ಜೀವ ಉಳಿಸುತ್ತದೆ. ಮಾತ್ರೆ ಬದಲಾದ ದಿನವೇ ಹಾಳೆಯನ್ನೂ ಬದಲಿಸಬೇಕು; ಹಳೆಯ ಪಟ್ಟಿ ದಾರಿ ತಪ್ಪಿಸುತ್ತದೆ.

ಕಾಗದವೂ ಮಾಸುತ್ತದೆ

ಇಸಿಜಿ ಯಂತ್ರದಿಂದ ಹೊರಬರುವುದು ಬಹುತೇಕ ಶಾಖಕ್ಕೆ ಬಣ್ಣ ತಿರುಗುವ ಕಾಗದ. ಬಿಸಿಲು, ಸೆಕೆ ತಾಗಿದರೆ ಗೆರೆಗಳು ಮಸುಕಾಗುತ್ತವೆ. ಕೆಲವು ಪ್ಲಾಸ್ಟಿಕ್ ಕವರುಗಳೂ ಅದನ್ನು ಅಳಿಸಿಹಾಕುತ್ತವೆ. ಬಿಸಿ ಲ್ಯಾಮಿನೇಶನ್ ಮಾಡಿಸಿದರೆ ಕಾಗದ ಕಪ್ಪಾಗಿ ಹೋಗುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ, ಫೋನಿನಲ್ಲೂ ಒಂದು ಚಿತ್ರ ಇಟ್ಟುಕೊಳ್ಳಿ.

ಎಂಆರ್‌ಐ, ಸಿಟಿ ಸ್ಕ್ಯಾನ್‌ಗಳಲ್ಲಿ ರಿಪೋರ್ಟ್ ಬೇರೆ, ಚಿತ್ರಗಳು ಬೇರೆ. ಎರಡನೆಯ ವೈದ್ಯರ ಅಭಿಪ್ರಾಯ ಪಡೆಯುವಾಗ ಅವರಿಗೆ ಬೇಕಾಗುವುದು ಚಿತ್ರಗಳೇ. ಆದ್ದರಿಂದ ಸಿಡಿಯನ್ನು ಕೇಳಿ ಪಡೆದು ಪೆನ್‌ಡ್ರೈವ್‌ಗೆ ನಕಲು ಮಾಡಿಸಬೇಕು.

ಆಭಾ ಸಂಖ್ಯೆ

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾದದ್ದು 2021ರ ಸೆಪ್ಟೆಂಬರ್ 27ರಂದು. ಒಬ್ಬರ ಆರೋಗ್ಯ ದಾಖಲೆಗಳನ್ನು ಜೋಡಿಸಲು ಅದರಡಿ ಸಿಗುವ 14 ಅಂಕಿಯ ಆಭಾ ಸಂಖ್ಯೆ ಐಚ್ಛಿಕ. ದಾಖಲೆಗಳು ಒಂದೇ ಕೇಂದ್ರದಲ್ಲಿ ರಾಶಿ ಬೀಳುವುದಿಲ್ಲ. ಅವು ಹುಟ್ಟಿದ ಆಸ್ಪತ್ರೆ ಅಥವಾ ಲ್ಯಾಬಿನಲ್ಲೇ ಇರುತ್ತವೆ. ಬೇರೆ ವೈದ್ಯರು ನೋಡಬಯಸಿದರೆ ನಿಮ್ಮ ಆ್ಯಪ್‌ಗೆ ಕೋರಿಕೆ ಬರುತ್ತದೆ. ಯಾವ ದಾಖಲೆ, ಯಾವ ಅವಧಿಯದು, ಎಲ್ಲಿಯವರೆಗೆ ಎಂದು ನೋಡಿ ಒಪ್ಪಿಗೆ ಕೊಡಬಹುದು, ಕೊಟ್ಟದ್ದನ್ನು ಹಿಂಪಡೆಯಲೂಬಹುದು. ಈ ಏರ್ಪಾಡಿನ ಜೀವಾಳ ಈ ಒಪ್ಪಿಗೆಯೇ. ಓದದೆ ಒತ್ತಿದರೆ ಅದಕ್ಕೆ ಅರ್ಥವಿಲ್ಲ. ಜಾಲಕ್ಕೆ ಸೇರದ ಕ್ಲಿನಿಕ್‌ಗಳ ಚೀಟಿ ಅದರಲ್ಲಿ ಕಾಣಿಸದು, ಹಾಗಾಗಿ ಮನೆಯ ಫೈಲು ಇನ್ನೂ ಬೇಕು.

ಗೋಪ್ಯತೆ

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ವರ್ಷದ ಎಚ್‌ಐವಿ ಕಾಯ್ದೆ ಮತ್ತು ಮಾನಸಿಕ ಆರೋಗ್ಯ ಕಾಯ್ದೆಗಳು ಆ ರೋಗಿಗಳ ವಿವರಕ್ಕೆ ಪ್ರತ್ಯೇಕ ರಕ್ಷಣೆ ಕೊಟ್ಟವು. ಕಳಂಕ ಹೊರಿಸುವ ಸಮಾಜದಲ್ಲಿ ಇದು ಬಹಳ ದೊಡ್ಡದು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು.

ಕಾಯ್ದೆಯೊಂದೇ ಬೀಗವಾಗದು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ಸೈಬರ್ ದಾಳಿಯಾಗಿ ದಿನಗಟ್ಟಲೆ ಕೆಲಸವನ್ನೆಲ್ಲ ಕೈಬರಹದಲ್ಲೇ ನಡೆಸಬೇಕಾಯಿತು. ಆದರೂ ಹೆಚ್ಚಿನ ಸೋರಿಕೆ ನಮ್ಮ ಕೈಯಿಂದಲೇ ಆಗುತ್ತದೆ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ರಿಪೋರ್ಟ್ ಹಾಕುವುದು, ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಫೈಲು ಬಿಟ್ಟುಬರುವುದು, ಕೇಳಿದವರಿಗೆಲ್ಲ ಓಟಿಪಿ ಹೇಳುವುದು, ಅಳಿಸದೆ ಹಳೆಯ ಫೋನ್ ಮಾರುವುದು. ಮನೆಯೊಳಗೂ ಗುಟ್ಟಿಗೆ ಬೆಲೆಯಿದೆ: ವಯಸ್ಸಿಗೆ ಬಂದ ಮಗಳ ರಿಪೋರ್ಟನ್ನು ನೆಂಟರಿಗೆ ತೋರಿಸುವ ಹಕ್ಕು ತಂದೆತಾಯಿಗೂ ಇಲ್ಲ.

ತೀರಿಕೊಂಡವರ ಫೈಲು

ಕಾರ್ಯ ಮುಗಿದ ಮೇಲೆ ಅನೇಕ ಮನೆಗಳಲ್ಲಿ ಹೋದವರ ಆಸ್ಪತ್ರೆ ಕಾಗದಗಳನ್ನು ಸುಟ್ಟುಬಿಡುತ್ತಾರೆ. ಆದರೆ ತಾಯಿಯ ಸ್ತನ ಕ್ಯಾನ್ಸರಿನ ಬಯಾಪ್ಸಿ ರಿಪೋರ್ಟ್, ಅದು ಅವರಿಗೆ ಯಾವ ವಯಸ್ಸಿನಲ್ಲಿ ಬಂತೆಂಬ ವಿವರ, ಮಗಳ ತಪಾಸಣೆ ಎಂದು ಶುರುವಾಗಬೇಕು, ಆನುವಂಶಿಕ ಪರೀಕ್ಷೆ ಬೇಕೇ ಎಂದು ನಿರ್ಧರಿಸಲು ವೈದ್ಯರಿಗೆ ನೆರವಾಗುತ್ತದೆ. ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾದ ತಂದೆಯ ಡಿಸ್ಚಾರ್ಜ್ ಸಮ್ಮರಿಯೂ ಅಷ್ಟೇ ಮುಖ್ಯ. ಅವುಗಳ ಪ್ರತಿಯನ್ನು ಮಕ್ಕಳ ಫೈಲಿಗೆ ಸೇರಿಸಿಡಿ.