ಸ್ಥಳೀಯ ಮತ್ತು ವಿಶೇಷ ಕಾಯಿದೆಗಳು (ಅಮೆರಿಕ ಸಂಯುಕ್ತ ಸಂಸ್ಥಾನ)

ಸ್ಥಳೀಯ ಮತ್ತು ವಿಶೇಷ ಕಾಯಿದೆಗಳು ಎಂದರೆ ಇಡೀ ರಾಜ್ಯಕ್ಕೆ ಅನ್ವಯಿಸದೆ, ನಿರ್ದಿಷ್ಟ ಕೌಂಟಿ, ಪಟ್ಟಣ, ಸಂಸ್ಥೆ ಅಥವಾ ವ್ಯಕ್ತಿಗೆ ಮಾತ್ರ ಅನ್ವಯಿಸುವಂತೆ ಅಮೆರಿಕದ ರಾಜ್ಯ ಶಾಸನಸಭೆಗಳು ಅಂಗೀಕರಿಸುವ ಕಾಯಿದೆಗಳು. 19ನೆಯ ಶತಮಾನದಲ್ಲಿ ಪರವಾನಗಿಯಿಲ್ಲದೆ ಮದ್ಯ ಮಾರಿದವರ ದಂಡವನ್ನು ಮನ್ನಾ ಮಾಡುವುದು, ಕೌಂಟಿಯ ಶೆರಿಫ್‌ನ ಸಂಭಾವನೆಯನ್ನು ನಿಗದಿಪಡಿಸುವುದು ಮುಂತಾದ ಸಣ್ಣ ವಿಷಯಗಳಿಗೂ ಇಂತಹ ಕಾಯಿದೆಗಳನ್ನು ಮಾಡಲಾಗುತ್ತಿತ್ತು. ಈ ಪದ್ಧತಿಯ ವಿರುದ್ಧ ಮೂಡಿದ ಅಸಮಾಧಾನದಿಂದಾಗಿ ಅನೇಕ ರಾಜ್ಯಗಳು ತಮ್ಮ ಸಂವಿಧಾನಗಳಲ್ಲಿಯೇ ನಿಷೇಧವನ್ನು ಅಳವಡಿಸಿಕೊಂಡವು.

ಹಿನ್ನೆಲೆ

ಕೌಂಟಿಗಳಿಗೆ ಸ್ವಂತ ಕಾನೂನು ರಚಿಸುವ ಅಧಿಕಾರ ಬಹಳ ಕಡಿಮೆಯಿದ್ದುದರಿಂದ ಸ್ಥಳೀಯ ಬೇಡಿಕೆಗಳು ಶಾಸನಸಭೆಯ ಮುಂದೆ ಬರುತ್ತಿದ್ದವು. ಆಯಾ ಪ್ರದೇಶದ ಸದಸ್ಯನು ಮಂಡಿಸಿದ ಸ್ಥಳೀಯ ಮಸೂದೆಗೆ ಉಳಿದವರು ಸಾಮಾನ್ಯವಾಗಿ ಅಡ್ಡಿಪಡಿಸುತ್ತಿರಲಿಲ್ಲ. ತಮ್ಮ ಮಸೂದೆಗಳಿಗೂ ಅದೇ ಸೌಜನ್ಯವನ್ನು ನಿರೀಕ್ಷಿಸುತ್ತಿದ್ದರು.

ದಂಡ ಮನ್ನಾ

ದಂಡ ಮನ್ನಾ ಕಾಯಿದೆಯು ನ್ಯಾಯಾಲಯ ವಿಧಿಸಿದ ದಂಡವನ್ನು ಶಾಸನದ ಮೂಲಕ ರದ್ದುಗೊಳಿಸುತ್ತಿತ್ತು. ಬಡತನದಿಂದ ದಂಡ ಕಟ್ಟಲಾಗದವರಿಗೆ ಇದು ಪರಿಹಾರವಾಗಿತ್ತು. ಆದರೆ ಒಂದೇ ಅಪರಾಧಕ್ಕೆ ಒಬ್ಬನು ದಂಡ ತೆರುವಾಗ, ಶಾಸಕರ ನೆರವು ಪಡೆದ ಮತ್ತೊಬ್ಬನು ಪಾರಾಗಲು ಇದರಿಂದ ಅವಕಾಶವಿತ್ತು. ನಷ್ಟ ಕೇವಲ ಖಜಾನೆಯದಾಗಿರಲಿಲ್ಲ: ಇಂಡಿಯಾನಾದ 1851ರ ಸಂವಿಧಾನದಂತೆ ಅಪರಾಧಗಳಿಗೆ ವಿಧಿಸಿದ ದಂಡದ ಹಣವು ಸಾರ್ವಜನಿಕ ಶಾಲೆಗಳ ನಿಧಿಗೆ ಸೇರುತ್ತಿತ್ತು.

ಶೆರಿಫ್‌ನ ಸಂಭಾವನೆ

ಭಾರತದ ಮುಂಬೈ ಮತ್ತು ಕೋಲ್ಕತ್ತಾಗಳಲ್ಲಿ ಶೆರಿಫ್ ಹುದ್ದೆಯು ಗೌರವಾರ್ಥವಾದುದು. ಅಮೆರಿಕದಲ್ಲಿ ಮಾತ್ರ ಶೆರಿಫ್ ಸಾಮಾನ್ಯವಾಗಿ ಚುನಾಯಿತನಾದ ಕಾನೂನುಪಾಲನಾ ಅಧಿಕಾರಿ. ಹಿಂದೆ ಬಹುತೇಕ ಕಡೆ ಅವನಿಗೆ ನಿಗದಿತ ಸಂಬಳವಿರಲಿಲ್ಲ. ಸಮನ್ಸ್ ಜಾರಿ, ಬಂಧನ, ಕೈದಿಗಳ ಊಟೋಪಚಾರ ಮುಂತಾದ ಪ್ರತಿ ಕೆಲಸಕ್ಕೂ ಶುಲ್ಕ ದೊರೆಯುತ್ತಿತ್ತು. ಇದರಿಂದ ಜನನಿಬಿಡ ಕೌಂಟಿಯಲ್ಲಿ ಆದಾಯ ಅತಿಯಾಗಿಯೂ ಸಣ್ಣ ಕೌಂಟಿಯಲ್ಲಿ ಸಾಲದಾಗಿಯೂ ಇರುತ್ತಿತ್ತು. ಸ್ಥಳೀಯ ಕಾಯಿದೆಗಳು ಈ ವ್ಯತ್ಯಾಸವನ್ನು ಸರಿಪಡಿಸಬಲ್ಲವಾಗಿದ್ದವು. ಆದರೆ ಅಧಿಕಾರದಲ್ಲಿರುವವನಿಗೆ ಪ್ರತಿಫಲ ನೀಡಲು ಅಥವಾ ರಾಜಕೀಯ ವಿರೋಧಿಯನ್ನು ದಂಡಿಸಲು ಕೂಡ ಅವು ಸಾಧನವಾಗಬಲ್ಲವಾಗಿದ್ದವು.

ಸಾಂವಿಧಾನಿಕ ನಿಷೇಧಗಳು

* ಇಂಡಿಯಾನಾ (1851): ಶುಲ್ಕ ಮತ್ತು ಸಂಬಳಗಳ ಕುರಿತ ಸ್ಥಳೀಯ ಕಾಯಿದೆಗಳನ್ನು ನಿಷೇಧಿಸಿತು. 1881ರ ತಿದ್ದುಪಡಿಯು ಜನಸಂಖ್ಯೆ ಹಾಗೂ ಅಗತ್ಯ ಸೇವೆಗಳಿಗೆ ಅನುಗುಣವಾಗಿ ಸಂಭಾವನೆಯನ್ನು ಶ್ರೇಣೀಕರಿಸಲು ಅವಕಾಶ ನೀಡಿತು.
* ಇಲಿನಾಯ್ (1870): ವಿಶೇಷ ಕಾಯಿದೆಯ ಮೂಲಕ ದಂಡ ಮನ್ನಾ ಮಾಡುವುದನ್ನೂ, ಅಧಿಕಾರಾವಧಿಯ ನಡುವೆ ಅಧಿಕಾರಿಗಳ ಶುಲ್ಕ ಹೆಚ್ಚಿಸುವುದು ಅಥವಾ ಕಡಿಮೆ ಮಾಡುವುದನ್ನೂ ನಿಷೇಧಿಸಿತು.
* ಕೇಂದ್ರಾಡಳಿತದ ಪ್ರಾಂತ್ಯಗಳು (1886): ಅಮೆರಿಕದ ಕಾಂಗ್ರೆಸ್ ಇದೇ ಬಗೆಯ ನಿಷೇಧಗಳನ್ನು ಪ್ರಾಂತೀಯ ಶಾಸನಸಭೆಗಳಿಗೂ ವಿಧಿಸಿತು.
* ಕೆಂಟಕಿ (1891): ದಂಡ ಮನ್ನಾದೊಂದಿಗೆ, ಮದ್ಯ ಮಾರಾಟದ ಬಗ್ಗೆ ಸ್ಥಳೀಯ ಮತದಾನ ಏರ್ಪಡಿಸುವ ವಿಶೇಷ ಕಾಯಿದೆಗಳನ್ನೂ ತಡೆಯಿತು. ಅಂತಹ ಮತದಾನಕ್ಕೆ ಸಾಮಾನ್ಯ ಕಾಯಿದೆಯನ್ನೇ ರಚಿಸಬೇಕೆಂದು ವಿಧಿಸಿತು.

ನಿಷೇಧವನ್ನು ದಾಟುವ ಯತ್ನಗಳು

ಊರಿನ ಹೆಸರನ್ನು ಹೇಳದೆ, ಒಂದೇ ಊರಿಗೆ ಹೊಂದುವ ವಿವರಣೆಯನ್ನು ಬರೆಯುವುದು ಸಾಮಾನ್ಯ ಉಪಾಯವಾಗಿತ್ತು. ಪೆನ್ಸಿಲ್ವೇನಿಯಾದ ಒಂದು ಕಾಯಿದೆಯು 60,000ಕ್ಕಿಂತ ಹೆಚ್ಚು ಜನಸಂಖ್ಯೆಯ, ಕೇಂದ್ರಸ್ಥಳದಿಂದ 27 ಮೈಲಿಗಿಂತ ದೂರದಲ್ಲಿ 8,000ಕ್ಕೂ ಹೆಚ್ಚು ಜನರಿರುವ ನಗರವನ್ನು ಹೊಂದಿದ ಕೌಂಟಿಗಳಿಗೆ ಅನ್ವಯಿಸುತ್ತಿತ್ತು. ಈ ಲಕ್ಷಣಗಳು ಟೈಟಸ್‌ವಿಲ್ ನಗರವಿರುವ ಕ್ರಾಫರ್ಡ್ ಕೌಂಟಿಗೆ ಮಾತ್ರ ಹೊಂದುತ್ತಿದ್ದವು. ನ್ಯಾಯಾಲಯದ ಅಧಿವೇಶನಗಳಿಗೆ ಸಂಬಂಧಿಸಿದ ಈ ಕಾಯಿದೆಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1879ರಲ್ಲಿ 'ಕಾಮನ್‌ವೆಲ್ತ್ ವಿರುದ್ಧ ಪ್ಯಾಟನ್' ಪ್ರಕರಣದಲ್ಲಿ ಅಸಿಂಧುಗೊಳಿಸಿತು.

ಪರಿಣಾಮ

ನಿಷೇಧಗಳ ಫಲ ಎಲ್ಲೆಡೆ ಒಂದೇ ಆಗಿರಲಿಲ್ಲ. ಅನೇಕ ರಾಜ್ಯಗಳಲ್ಲಿ ದಂಡ ಮನ್ನಾ ಮಾಡುವ ಅಧಿಕಾರ ರಾಜ್ಯಪಾಲರ ಬಳಿ ಉಳಿಯಿತು. ಅಲಬಾಮಾದ 1901ರ ಸಂವಿಧಾನವು ಎಲ್ಲ ಕೌಂಟಿಗಳಿಗೂ ಅನ್ವಯಿಸದ ಶುಲ್ಕ ಕಾಯಿದೆಗಳನ್ನು ತಡೆದುದರಿಂದ, ಒಂದೊಂದು ಕೌಂಟಿಯ ಅಧಿಕಾರಿಗಳ ಸಂಭಾವನೆಯನ್ನು ಬದಲಿಸಲು ಸಂವಿಧಾನವನ್ನೇ ತಿದ್ದಬೇಕಾಯಿತು. ಆ ಸಂವಿಧಾನಕ್ಕೆ ಆದ 900ಕ್ಕೂ ಹೆಚ್ಚು ತಿದ್ದುಪಡಿಗಳಲ್ಲಿ ಬಹುಪಾಲು ಇಂತಹ ಸ್ಥಳೀಯ ವಿಷಯಗಳವು. ಟೆನೆಸ್ಸಿ ಬೇರೆ ದಾರಿ ಹಿಡಿಯಿತು: 1953ರ ತಿದ್ದುಪಡಿಯ ನಂತರ ಅಲ್ಲಿನ ಸ್ಥಳೀಯ ಕಾಯಿದೆಗಳು ಜಾರಿಗೆ ಬರಲು ಸ್ಥಳೀಯ ಆಡಳಿತ ಮಂಡಳಿಯ ಮೂರನೆಯ ಎರಡರಷ್ಟು ಬಹುಮತ ಅಥವಾ ಮತದಾರರ ಒಪ್ಪಿಗೆ ಬೇಕು, ಅಧಿಕಾರಾವಧಿ ಮುಗಿಯುವ ಮುನ್ನ ಪದಾಧಿಕಾರಿಯ ಸಂಬಳವನ್ನು ಇವುಗಳ ಮೂಲಕ ಬದಲಿಸುವಂತಿಲ್ಲ.